ಭಾರವಾದ ವಿಶ್ವಕಿರಣಗಳನ್ನು ಅಳೆಯಲು ಪ್ಲಾಸ್ಟಿಕ್ ಹಾಳೆಗಳೇ ಏಕೆ?

ಎಲೆಕ್ಟ್ರಾನಿಕ್ ಉಪಕರಣಗಳಿರುವಾಗ ಬಾಹ್ಯಾಕಾಶಕ್ಕೆ ಪ್ಲಾಸ್ಟಿಕ್ ಹಾಳೆಗಳ ಕಟ್ಟನ್ನು ಕಳುಹಿಸುವುದೇಕೆ, ಹಾದುಹೋದ ನ್ಯೂಕ್ಲಿಯಸ್ ಯಾವುದೆಂದು ಆ ಹಾಳೆಗಳಿಂದ ತಿಳಿಯುವುದು ಹೇಗೆ ಎಂದು ಕೇಳಿದ್ದೀರಿ. ಹಗುರವಾದ ವೇಗದ ಕಣಗಳು ಈ ಹಾಳೆಗಳ ಲೆಕ್ಕಕ್ಕೇ ಬರುವುದಿಲ್ಲ ಎಂಬುದೇ ನನ್ನ ದೃಷ್ಟಿಯಲ್ಲಿ ಇವುಗಳ ದೊಡ್ಡ ಗುಣ.

ಬಾಹ್ಯಾಕಾಶದಿಂದ ಅತಿ ವೇಗದಲ್ಲಿ ಬರುವ ಕಣಗಳಾದ ವಿಶ್ವಕಿರಣಗಳಲ್ಲಿ ಸುಮಾರು ಶೇ 90ರಷ್ಟು ಪ್ರೋಟಾನ್‌ಗಳೇ ಇರುತ್ತವೆ. ಕಬ್ಬಿಣಕ್ಕಿಂತ ಭಾರವಾದ ನ್ಯೂಕ್ಲಿಯಸ್‌ಗಳು ತೀರಾ ವಿರಳ. ಕಣವೊಂದು ದಾರಿಯಲ್ಲಿ ಬಿಟ್ಟುಕೊಡುವ ಶಕ್ತಿಯು ಅದರ ವಿದ್ಯುದಾವೇಶದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಅಷ್ಟೇ ವೇಗದ ಪ್ರೋಟಾನಿಗೆ ಹೋಲಿಸಿದರೆ 26 ಪಟ್ಟು ಆವೇಶವಿರುವ ಕಬ್ಬಿಣದ ನ್ಯೂಕ್ಲಿಯಸ್ ಸರಿಸುಮಾರು 676 ಪಟ್ಟು ಶಕ್ತಿಯನ್ನು ಬಿಟ್ಟುಹೋಗುತ್ತದೆ. ಪ್ಲಾಸ್ಟಿಕ್ಕಿನ ಅಣುಸರಪಳಿಗಳಿಗೆ ಆಗುವ ಹಾನಿ ಒಂದು ಮಿತಿಯನ್ನು ದಾಟಿದಾಗ ಮಾತ್ರ ಗುರುತಿಸಬಹುದಾದ ಜಾಡು ಉಳಿಯುತ್ತದೆ.

ಆ ಜಾಡು ಬರಿಗಣ್ಣಿಗೆ ಕಾಣುವುದಿಲ್ಲ. ಸಿಆರ್-39 ಎಂಬ ಪ್ಲಾಸ್ಟಿಕ್ಕಿನ ಹಾಳೆಯನ್ನು ಸಾಮಾನ್ಯವಾಗಿ 70 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾದ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಗಂಟೆಗಟ್ಟಲೆ ಇಟ್ಟಾಗ, ಹಾನಿಗೊಂಡ ಭಾಗವು ಸುತ್ತಲಿನ ಭಾಗಕ್ಕಿಂತ ಬೇಗ ಕರಗಿ, ಶಂಕುವಿನಾಕಾರದ ಗುಳಿಯೊಂದು ಮೂಡುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ನೇರವಾಗಿ ಬಂದ ಕಣದ ಗುಳಿಯ ಬಾಯಿ ವೃತ್ತದಂತೆಯೂ ಓರೆಯಾಗಿ ಬಂದದ್ದರ ಬಾಯಿ ದೀರ್ಘವೃತ್ತದಂತೆಯೂ ಕಾಣುತ್ತದೆ. ಗುಳಿಯ ಉದ್ದದಿಂದ ಹಾನಿಯ ತೀವ್ರತೆಯನ್ನು ಲೆಕ್ಕ ಹಾಕಬಹುದು. ಆದರೆ ಒಂದೇ ಹಾಳೆಯನ್ನು ನಂಬುವಂತಿಲ್ಲ: ನಿಧಾನವಾಗಿ ಸಾಗಿದ ಹಗುರ ನ್ಯೂಕ್ಲಿಯಸ್ಸೂ ವೇಗವಾಗಿ ಸಾಗಿದ ಭಾರದ ನ್ಯೂಕ್ಲಿಯಸ್ಸೂ ಒಂದೇ ಬಗೆಯ ಗುಳಿಯನ್ನು ಬಿಡಬಲ್ಲವು. ಆದ್ದರಿಂದ ಒಂದೇ ಕಣವನ್ನು ಹಾಳೆಯಿಂದ ಹಾಳೆಗೆ ಹಿಂಬಾಲಿಸಿ, ಅದರ ವೇಗ ತಗ್ಗಿದಂತೆ ಗುಳಿಗಳು ಹೇಗೆ ಬೆಳೆಯುತ್ತವೆ ಎಂಬುದನ್ನು ಅಳೆದು ಆವೇಶವನ್ನು, ಅಂದರೆ ಅದು ಯಾವ ಧಾತುವಿನ ನ್ಯೂಕ್ಲಿಯಸ್ ಎಂಬುದನ್ನು, ನಿರ್ಧರಿಸುತ್ತಾರೆ. ಇದು ತಾಳ್ಮೆ ಬೇಡುವ ಕೆಲಸ.

ಹಾಳೆಗಳಿಗೆ ವಿದ್ಯುತ್ ಬೇಡ, ವಿಸ್ತಾರವಾಗಿ ಹಾಸಲೂ ಬರುತ್ತದೆ. 1984ರ ಏಪ್ರಿಲ್‌ನಲ್ಲಿ ಕಕ್ಷೆ ಸೇರಿದ, ನಾಸಾದ ದೀರ್ಘಾವಧಿ ಪ್ರಯೋಗಗಳ ಎಲ್‌ಡಿಇಎಫ್ ಉಪಗ್ರಹದಲ್ಲಿ, ನಡುನಡುವೆ ಸೀಸದ ತಗಡುಗಳಿದ್ದ ಲೆಕ್ಸಾನ್ ಎಂಬ ಪ್ಲಾಸ್ಟಿಕ್ಕಿನ ಹಾಳೆಗಳ ಕಟ್ಟುಗಳನ್ನು ಅತಿ ಭಾರದ ನ್ಯೂಕ್ಲಿಯಸ್‌ಗಳಿಗೆಂದೇ ಇರಿಸಲಾಗಿತ್ತು. ಸುಮಾರು ಒಂದು ವರ್ಷದಲ್ಲಿ ಮರಳಬೇಕಿದ್ದ ಆ ಉಪಗ್ರಹವನ್ನು ವಾಪಸು ತಂದದ್ದು 1990ರ ಜನವರಿಯಲ್ಲಿ. ವಿರಳ ಕಣಗಳನ್ನು ಹುಡುಕುವವರಿಗೆ ಈ ವಿಳಂಬ ಲಾಭವೇ ಆಯಿತೆನ್ನಬೇಕು.

ಕೊರತೆಗಳೂ ಇವೆ. ಹಾಳೆಗಳು ಭೂಮಿಗೆ ಮರಳಲೇಬೇಕು. ಕಣ ಹಾದುಹೋದ ಹೊತ್ತಿನ ಉಷ್ಣತೆ ಅಳತೆಯ ಮೇಲೆ ಪರಿಣಾಮ ಬೀರುತ್ತದೆ. ಕಣ ಬಂದ ಸಮಯವಂತೂ ಹಾಳೆಯಲ್ಲಿ ದಾಖಲಾಗುವುದೇ ಇಲ್ಲ. ಈ ಕೊನೆಯ ತೊಡಕಿಗೆ 1985ರಲ್ಲಿ ನಾಸಾದ ಬಾಹ್ಯಾಕಾಶ ನೌಕೆಯೊಳಗಿನ ಪ್ರಯೋಗಾಲಯ ಸ್ಪೇಸ್‌ಲ್ಯಾಬ್-3ರಲ್ಲಿ ಹಾರಿದ ಭಾರತದ 'ಅನುರಾಧಾ' ಪ್ರಯೋಗ ಕಂಡುಕೊಂಡ ಉಪಾಯ ನನಗೆ ಬಹಳ ಮೆಚ್ಚುಗೆಯಾದದ್ದು. ಅದರಲ್ಲಿ ಮೇಲಿನ ಕಟ್ಟು ಸ್ಥಿರವಾಗಿದ್ದು, ಕೆಳಗಿನದು ನಿಧಾನವಾಗಿ ತಿರುಗುತ್ತಿತ್ತು. ಎರಡು ಕಟ್ಟುಗಳಲ್ಲಿನ ಜಾಡುಗಳನ್ನು ಹೊಂದಿಸಲು ಎಷ್ಟು ತಿರುಗಿಸಬೇಕೆಂಬುದರಿಂದ ಕಣ ಬಂದ ಸಮಯ ದೊರೆಯುತ್ತಿತ್ತು. ಸಮಯ ತಿಳಿದರೆ ನೌಕೆ ಆಗ ಎಲ್ಲಿತ್ತೆಂದು ತಿಳಿಯುತ್ತದೆ. ಆವೇಶಕ್ಕೆ ತಕ್ಕಂತೆ ಕಣಗಳನ್ನು ಬಾಗಿಸುವ ಅಲ್ಲಿನ ಭೂಕಾಂತಕ್ಷೇತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡು, ಆ ಕಣ ತನ್ನ ಎಲೆಕ್ಟ್ರಾನ್‌ಗಳನ್ನೆಲ್ಲ ಕಳೆದುಕೊಂಡಿತ್ತೇ ಅಥವಾ ಕೆಲವನ್ನು ಉಳಿಸಿಕೊಂಡೇ ಬಂದಿತ್ತೇ ಎಂಬುದನ್ನೂ ಪರಿಶೀಲಿಸಬಹುದು.