ಓದುಗರ ಪ್ರಶ್ನೆ, ನಮ್ಮ ಉತ್ತರ: ಡಬ್ಲಿನ್‌ನಿಂದ ಬಂದ ಇಂಗ್ಲೆಂಡ್ ನಾಯಕ

ಪ್ರಶ್ನೆ: ಐರ್ಲೆಂಡಿನಲ್ಲಿ ಹುಟ್ಟಿ, ಆ ದೇಶದ ಪರವಾಗಿಯೇ ಆಡಿ, ಆಮೇಲೆ ಇಂಗ್ಲೆಂಡ್ ಕ್ರಿಕೆಟ್ ತಂಡ ಸೇರಿ ಅದರ ನಾಯಕನೂ ಆದ ಇಯಾನ್ ಮಾರ್ಗನ್ ಮಾಡಿದ್ದು ಉಂಡ ಮನೆಗೆ ಎರಡು ಬಗೆದಂತಲ್ಲವೇ? ಇದಕ್ಕೆ ನಿಯಮ ಹೇಗೆ ಒಪ್ಪಿತು?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನಿಯಮದ ಮಾತನ್ನು ಮೊದಲು ಮುಗಿಸೋಣ. 1986ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿದ ಮಾರ್ಗನ್ ಅವರಿಗೆ ತಾಯಿಯ ಕಡೆಯಿಂದ ಬ್ರಿಟಿಷ್ ಪಾಸ್‌ಪೋರ್ಟ್ ಇತ್ತು. ಐರ್ಲೆಂಡ್ ಆಗ ವಿಶ್ವ ಕ್ರಿಕೆಟ್ ಮಂಡಳಿಯಾದ ಐಸಿಸಿಯ ಸಹ ಸದಸ್ಯ ರಾಷ್ಟ್ರ (ಅಂದರೆ ಟೆಸ್ಟ್ ಆಡುವ ಹಕ್ಕಿಲ್ಲದ ರಾಷ್ಟ್ರ) ಮಾತ್ರವಾಗಿದ್ದುದರಿಂದ, ಅಲ್ಲಿಂದ ಪೂರ್ಣ ಸದಸ್ಯ ರಾಷ್ಟ್ರಕ್ಕೆ ಹೋಗುವ ಆಟಗಾರ ವರ್ಷಗಟ್ಟಲೆ ಕಾಯಬೇಕಾಗಿರಲಿಲ್ಲ. 2009ರ ಏಪ್ರಿಲ್‌ನಲ್ಲಿ ಐರ್ಲೆಂಡ್ ಪರ ವಿಶ್ವಕಪ್ ಅರ್ಹತಾ ಪಂದ್ಯ ಆಡಿದವರು ಮೇ ತಿಂಗಳಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಇಂಗ್ಲೆಂಡಿನ ಅಂಗಿ ತೊಟ್ಟದ್ದು ಹೀಗೆ.

ಎರಡು ಬಗೆದರು ಎಂದು ನಮಗೆ ಅನ್ನಿಸುವುದಿಲ್ಲ. ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ಅವರಿಗೆ ಮೈಸೂರು ರಾಜ್ಯದ ರಣಜಿ ತಂಡದಿಂದ ಭಾರತ ತಂಡಕ್ಕೆ ನೇರ ದಾರಿಯಿತ್ತು; ಟೆಸ್ಟ್ ಆಡುವ ಆಸೆ ಹೊತ್ತ ಐರಿಷ್ ಹುಡುಗನಿಗೆ ತನ್ನ ದೇಶದಲ್ಲಿ ಆ ದಾರಿಯೇ ಇರಲಿಲ್ಲ. ಐರ್ಲೆಂಡಿಗೆ ಟೆಸ್ಟ್ ಮಾನ್ಯತೆ ಸಿಕ್ಕಿದ್ದು 2017ರಲ್ಲಿ, ಅಷ್ಟರಲ್ಲಿ ಮಾರ್ಗನ್ ಮೂವತ್ತು ದಾಟಿದ್ದರು. ವಿಪರ್ಯಾಸವೆಂದರೆ, ಯಾವ ಆಟಕ್ಕಾಗಿ ದೇಶ ಬದಲಿಸಿದರೋ ಆ ಆಟದಲ್ಲಿ ಅವರಿಗೆ ದಕ್ಕಿದ್ದು 16 ಟೆಸ್ಟ್ ಮತ್ತು ಎರಡು ಶತಕ ಮಾತ್ರ. 2012ರ ನಂತರ ಅವರು ಟೆಸ್ಟ್ ಆಡಲೇ ಇಲ್ಲ.

ಅವರ ಹೆಸರು ನಿಂತದ್ದು ಒಂದು ದಿನದ ಆಟದಲ್ಲಿ. 2006ರಲ್ಲಿ ಸ್ಕಾಟ್ಲೆಂಡ್ ವಿರುದ್ಧದ ತಮ್ಮ ಮೊದಲ ಏಕದಿನ ಪಂದ್ಯದಲ್ಲೇ 99ಕ್ಕೆ ರನ್ ಔಟ್ ಆದವರು ಅವರು. ಬಾಲ್ಯದಲ್ಲಿ ಆಡಿದ ಹರ್ಲಿಂಗ್ ಎಂಬ, ಕೋಲಿನಿಂದ ಚೆಂಡು ಹೊಡೆಯುವ ಐರಿಷ್ ಆಟದ ಪಳಗಿಕೆ ಅವರ ರಿವರ್ಸ್ ಸ್ವೀಪ್‌ನಲ್ಲಿ ಕಾಣುತ್ತದೆಂದು ಬಲ್ಲವರು ಹೇಳುತ್ತಾರೆ. ಚಿನ್ನಿದಾಂಡು ಆಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಚಿನ್ನಿ ಮೇಲಕ್ಕೆ ಹಾರಿದ ಕ್ಷಣದಲ್ಲಿ ಭುಜ ಬೀಸುವುದಕ್ಕೆ ಹೊತ್ತಿರುವುದಿಲ್ಲ, ಮಣಿಕಟ್ಟು ತಿರುಗಿದರೆ ಸಾಕು. ಎಡಗೈ ಬ್ಯಾಟಿಂಗ್‌ನ ಮಾರ್ಗನ್ ಮಂಡಿ ಬಗ್ಗಿಸಿ, ಕೊನೆಯ ಗಳಿಗೆಯಲ್ಲಿ ಬ್ಯಾಟಿನ ಮುಖ ಹೊರಳಿಸಿ, ಚೆಂಡನ್ನು ವಿಕೆಟ್ ಹಿಂದಿನ ಥರ್ಡ್ ಮ್ಯಾನ್ ಕಡೆಗೆ ಅಟ್ಟುತ್ತಿದ್ದುದು ಅದೇ ಬಗೆಯಲ್ಲಿ. (2010ರಲ್ಲಿ ಅವರು ನಮ್ಮ ಆರ್‌ಸಿಬಿ ತಂಡದಲ್ಲಿದ್ದದ್ದು ಎಷ್ಟು ಜನರಿಗೆ ನೆನಪಿದೆಯೋ!)

2014ರ ಡಿಸೆಂಬರ್‌ನಲ್ಲಿ ಅಲಸ್ಟೇರ್ ಕುಕ್ ಅವರನ್ನು ಇಳಿಸಿ ಮಾರ್ಗನ್ ಅವರಿಗೆ ಏಕದಿನ ತಂಡವನ್ನು ಒಪ್ಪಿಸಲಾಯಿತು. ಮೂರೇ ತಿಂಗಳಲ್ಲಿ, ಅಡಿಲೇಡ್‌ನಲ್ಲಿ ಬಾಂಗ್ಲಾದೇಶಕ್ಕೆ ಸೋತು ಇಂಗ್ಲೆಂಡ್ ವಿಶ್ವಕಪ್‌ನ ಗುಂಪಿನ ಹಂತದಲ್ಲೇ ಹೊರಬಿತ್ತು. ನಾಯಕ ಅಂದು ಸೊನ್ನೆಗೆ ಔಟಾಗಿದ್ದರು. ಆದರೂ ಅವರನ್ನೇ ಉಳಿಸಿಕೊಂಡದ್ದು ಇಂಗ್ಲೆಂಡ್ ಕ್ರಿಕೆಟ್ ಮಂಡಳಿ ಮಾಡಿದ ಜಾಣತನ. ಮೊದಲು ವಿಕೆಟ್ ಕಾಯ್ದುಕೊಳ್ಳಬೇಕು, ರನ್ ಆಮೇಲೆ ಎಂಬುದು ಇಂಗ್ಲೆಂಡಿನ ಹಳೆಯ ಪದ್ಧತಿ. ಹೊರಗಿನಿಂದ ಬಂದ ಮಾರ್ಗನ್ ಅವರಿಗೆ ಆ ಪದ್ಧತಿಯ ಹಂಗಿರಲಿಲ್ಲ. ಮನೆ ಅಳಿಯನಾಗಿ ಬಂದವನೇ ತೋಟದ ಹೂಳು ತುಂಬಿದ ಬಸಿಗಾಲುವೆಯನ್ನು ಧೈರ್ಯವಾಗಿ ಅಗೆಸುವುದನ್ನು ನಮ್ಮ ಮಲೆನಾಡಿನಲ್ಲಿ ಕಂಡಿದ್ದೇವಲ್ಲ, ಇದೂ ಹಾಗೆಯೇ. ಅದೇ ಬೇಸಿಗೆಯಲ್ಲಿ ನ್ಯೂಜಿಲೆಂಡ್ ವಿರುದ್ಧ 408, 2018ರಲ್ಲಿ ಆಸ್ಟ್ರೇಲಿಯಾ ವಿರುದ್ಧ 481 ರನ್ ಬಂದವು. ಕೋಚ್ ಟ್ರೆವರ್ ಬೇಲಿಸ್ ಅವರ ಪಾಲೂ ಇದರಲ್ಲಿ ಇತ್ತೆನ್ನಿ. 2019ರ ಜುಲೈ 14ರಂದು ಲಾರ್ಡ್ಸ್‌ನಲ್ಲಿ ನ್ಯೂಜಿಲೆಂಡ್ ಜೊತೆ ಪಂದ್ಯವೂ, ಆಮೇಲೆ ತಲಾ ಒಂದು ಓವರ್ ಆಡಿಸಿದ ಸೂಪರ್ ಓವರೂ ಸಮವಾಗಿ, ಹೆಚ್ಚು ಬೌಂಡರಿ ಹೊಡೆದ ಲೆಕ್ಕದಲ್ಲಿ ಇಂಗ್ಲೆಂಡ್ ವಿಶ್ವಕಪ್ ಗೆದ್ದಿತು. ಆ ಲೆಕ್ಕ ನ್ಯಾಯವಾದುದಲ್ಲ ಎಂಬುದು ನಮ್ಮ ಅಭಿಪ್ರಾಯ. ಐಸಿಸಿ ಅದೇ ವರ್ಷ ಅದನ್ನು ಕೈಬಿಟ್ಟಿತು.

ಪ್ರಶ್ನೆ: ಇಂಗ್ಲೆಂಡಿನ ರಾಷ್ಟ್ರಗೀತೆಯನ್ನು ಅವರು ಹಾಡುತ್ತಿರಲಿಲ್ಲವಂತೆ. ಅಂಥವರು ನಾಯಕರಾಗುವುದು ಸರಿಯೇ?
– ಓದುಗರೊಬ್ಬರು, ಸಾಗರ

ಉತ್ತರ: ಹಾಡುತ್ತಿರಲಿಲ್ಲ, ನಿಜ. ಐರ್ಲೆಂಡ್ ಪರ ಆಡುವಾಗಲೂ ತಾನು ಹಾಡಿದ್ದಿಲ್ಲವೆಂದು ಅವರೇ ಹೇಳಿದ್ದಾರೆ. ಅವರ ಮೇಲೆ ಆಕ್ಷೇಪ ಹೊರಿಸಲೇಬೇಕೆಂದರೆ 2016ರ ಬಾಂಗ್ಲಾದೇಶ ಪ್ರವಾಸದ ಸಂಗತಿ ಇದಕ್ಕಿಂತ ತೂಕದ್ದು. ಭದ್ರತೆಯ ಅಳುಕಿನಿಂದ ಅವರು ಹೋಗಲಿಲ್ಲ, ತಂಡವನ್ನು ಜೋಸ್ ಬಟ್ಲರ್ ನಡೆಸಿದರು. ಆಟಗಾರನಾಗಿ ಅದು ಅವರ ಹಕ್ಕು. ನಾಯಕನಾಗಿ ಸರಿಯಿತ್ತೇ ಎಂಬ ಅನುಮಾನ ನಮಗೂ ಇದೆ.

ಪ್ರಶ್ನೆ: ಹುಟ್ಟಿದ ದೇಶ ಅವರನ್ನು ಎಂದಾದರೂ ಸೋಲಿಸಿತೇ?
– ಓದುಗರೊಬ್ಬರು, ಭದ್ರಾವತಿ

ಉತ್ತರ: 2011ರ ಮಾರ್ಚ್ 2ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐರ್ಲೆಂಡಿನ ಕೆವಿನ್ ಓಬ್ರಿಯನ್ 50 ಎಸೆತಗಳಲ್ಲಿ ಶತಕ ಬಾರಿಸಿ ಇಂಗ್ಲೆಂಡನ್ನು ಮಣಿಸಿದಾಗ ಮಾರ್ಗನ್ ಬೆರಳಿನ ಗಾಯದಿಂದಾಗಿ ತಂಡದಲ್ಲಿರಲಿಲ್ಲ. 2020ರ ಆಗಸ್ಟ್ 4ರಂದು ಸೌತಾಂಪ್ಟನ್‌ನಲ್ಲಿ ಮಾತ್ರ ತಪ್ಪಿಸಿಕೊಳ್ಳಲಾಗಲಿಲ್ಲ. ನಾಯಕ ಮಾರ್ಗನ್ ತಾವೇ 106 ರನ್ ಹೊಡೆದು ತಂಡವನ್ನು 328ಕ್ಕೆ ಮುಟ್ಟಿಸಿದರು. ಪಾಲ್ ಸ್ಟರ್ಲಿಂಗ್ 142, ಆಂಡಿ ಬಾಲ್ಬರ್ನಿ 113 ರನ್ ಗಳಿಸಿದರು. ಒಂದು ಎಸೆತ ಉಳಿದಿರುವಾಗ ಐರ್ಲೆಂಡ್ ಏಳು ವಿಕೆಟ್‌ಗಳಿಂದ ಗೆದ್ದಿತು. ಕೊರೊನಾ ಕಾಲವಾದ್ದರಿಂದ ನೋಡಲು ಗ್ಯಾಲರಿಯಲ್ಲಿ ಪ್ರೇಕ್ಷಕರೇ ಇರಲಿಲ್ಲ.