211 ಗಂಟೆಯ ಹುಡುಗ

ನನ್ನ ಕೌನ್ಸೆಲಿಂಗ್ ಕೋಣೆಯ ಕುರ್ಚಿಯಲ್ಲಿ ಕೂರುವ ಮೊದಲೇ ಅವನು ಕೇಳಿದ. "ಮೇಡಂ, ನಾನಿಲ್ಲಿಗೆ ಬಂದದ್ದು ನನ್ನ ಮೆಡಿಕಲ್‌ನಲ್ಲಿ ಗೊತ್ತಾಗ್ತದಾ?"

ಮಲ್ಪೆ ಕಡೆಯ ಹುಡುಗ, 25 ವರ್ಷ. ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಅಂದರೆ ಸಿಪಿಎಲ್, ಕೈಗೆ ಬಂದು 14 ತಿಂಗಳಾಗಿತ್ತು. ಕೆಲಸ ಇರಲಿಲ್ಲ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಹೆಸರೂ ಬೇಡ, ಹುಡುಗ ಅಂದರೆ ಸಾಕು.

ಅವನ ಭಯ ಸುಮ್ನೆ ಹುಟ್ಟಿದ್ದಲ್ಲ. ಈ ವಯಸ್ಸಿನ ಪೈಲಟ್‌ಗಳು ವರ್ಷಕ್ಕೊಮ್ಮೆ ಕ್ಲಾಸ್ 1 ಮೆಡಿಕಲ್, ಅಂದರೆ ವೈದ್ಯಕೀಯ ತಪಾಸಣೆ, ಪಾಸಾಗಬೇಕು. ಅದು ಹೋದರೆ ಲೈಸೆನ್ಸ್ ಇದ್ದೂ ಇಲ್ಲದ ಹಾಗೆ. ಹಾಗಾಗಿ ಎಷ್ಟೋ ಜನ ಮನಸ್ಸಿನ ಕಷ್ಟವನ್ನು ಯಾರ ಹತ್ತಿರವೂ ಹೇಳುವುದೇ ಇಲ್ಲ. ಇಲ್ಲಿ ಆಡಿದ ಮಾತು ಇಲ್ಲೇ ಇರುತ್ತದೆ, ಬಂದು ಮಾತಾಡುವುದು ಕಾಯಿಲೆಯೂ ಅಲ್ಲ ಎಂದು ಹೇಳಿದೆ. ಆದರೆ ಮೆಡಿಕಲ್ ಫಾರ್ಮ್‌ನಲ್ಲಿ ಕೇಳಿದ್ದಕ್ಕೆ ಸುಳ್ಳು ಬರೆಯಬಾರದು ಎಂದೂ ಹೇಳಿದೆ. 2023ರಲ್ಲಿ ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎಯೇ ಪೈಲಟ್‌ಗಳ ಮಾನಸಿಕ ಆರೋಗ್ಯದ ಬಗ್ಗೆ ಸುತ್ತೋಲೆ ಹೊರಡಿಸಿದೆ. ಹಿಂದಿನಷ್ಟು ಮುಚ್ಚಿಡುವ ವಿಷಯವಲ್ಲ ಈಗ.

ಆಗ ಅವನು ಜೇಬಿನಿಂದ ಒಂದು ಮಾತ್ರೆಯ ಪಟ್ಟಿ ತೆಗೆದು ಮೇಜಿನ ಮೇಲಿಟ್ಟ. ನಿದ್ರೆ ಮಾತ್ರೆ. ದೊಡ್ಡಮ್ಮನಿಗೆ ಡಾಕ್ಟರ್ ಬರೆದುಕೊಟ್ಟದ್ದು. "ಮೂರು ತಗೊಂಡಿದ್ದೇನೆ ಅಷ್ಟೆ" ಎಂದ. ಇನ್ನೊಬ್ಬರ ಮಾತ್ರೆ ಮುಟ್ಟಬೇಡಿ, ಬೇಕೇ ಅನ್ನಿಸಿದರೆ ಡಾಕ್ಟರ್ ಹತ್ತಿರ ಹೋಗಿ, ಒಳಗೆ ಕಾಲಿಟ್ಟ ಕೂಡಲೇ ನಾನು ಪೈಲಟ್ ಅಂತ ಹೇಳಿ ಎಂದೆ. ಮೊದಲ ದಿನ ಇದಕ್ಕಿಂತ ಹೆಚ್ಚು ಸಲಹೆ ಕೊಡಲಿಲ್ಲ.

ನಿದ್ರೆ ಬಾರದ ರಾತ್ರಿ ಅವನು ಮೊಬೈಲಿನಲ್ಲಿ ಬಜ್ಪೆಗೆ, ಅಂದರೆ ಮಂಗಳೂರು ವಿಮಾನ ನಿಲ್ದಾಣಕ್ಕೆ, ಬರುವ ವಿಮಾನಗಳನ್ನು ನೋಡುತ್ತಾ ಕೂರುತ್ತಿದ್ದ. ಕೆಲವು ದಿನ ಬೈಕ್ ಹತ್ತಿ ನಿಲ್ದಾಣದ ಹತ್ತಿರದ ಕೆಂಜಾರಿನವರೆಗೂ ಹೋಗಿ ರಸ್ತೆ ಬದಿ ನಿಲ್ಲುತ್ತಿದ್ದ. ಮದುವೆ, ಕೋಲ, ಎಲ್ಲ ಬಿಟ್ಟಿದ್ದ. ಹೋದರೆ "ಎಲ್ಲಿ ಈಗ? ಇಂಡಿಗೋವಾ, ಏರ್ ಇಂಡಿಯಾವಾ?" ಎಂದು ಕೇಳುತ್ತಾರೆ. ಒಮ್ಮೆ ಬಾಯಿ ತಪ್ಪಿ "ಟ್ರೈನಿಂಗ್‌ನಲ್ಲಿದ್ದೇನೆ" ಎಂದಿದ್ದ. ಆಮೇಲೆ ಆ ಸುಳ್ಳನ್ನು ಸಾಕಬೇಕಾಯಿತು.

ಕೆಂಜಾರಿನಲ್ಲಿ ಎಂತ ನೋಡ್ತೀರಿ ಎಂದು ಕೇಳಿದೆ. ಅಲ್ಲಿಯವರೆಗೆ ನೆಲ ನೋಡುತ್ತಿದ್ದವನು ತಲೆ ಎತ್ತಿದ. ಗುಡ್ಡದ ತಲೆ ಸಮ ಮಾಡಿ ಕಟ್ಟಿದ ರನ್‌ವೇ ಅದು, ಆಚೆ ಈಚೆ ಕಣಿವೆ. ಅಲ್ಲಿ ಕೋ-ಪೈಲಟ್‌ಗೆ ಇಳಿಸಲು ಬಿಡುವುದಿಲ್ಲ, ಕ್ಯಾಪ್ಟನೇ ಇಳಿಸಬೇಕು. ಮೊನ್ನೆ ಒಬ್ಬರು ಸ್ವಲ್ಪ ಮೇಲಿದ್ದರು, ಹೇಗೆ ಸರಿ ಮಾಡಿಕೊಂಡರು ಗೊತ್ತಾ ಎಂದು ಅಂಗೈಯನ್ನೇ ವಿಮಾನ ಮಾಡಿ ನನ್ನ ಪೆನ್‌ಸ್ಟ್ಯಾಂಡಿನ ಮೇಲಿಂದ ಇಳಿಸಿ ತೋರಿಸಿದ. ಹಾರುವ ಆಸೆಯೇ ಸತ್ತಿದೆಯೋ ಏನೋ ಎಂಬ ನನ್ನ ಅನುಮಾನ ಅಲ್ಲಿಗೆ ಹೋಯಿತು.

ಎರಡನೇ ಸಲ ಬಂದಾಗ ಲಾಗ್‌ಬುಕ್, ಅಂದರೆ ಹಾರಿದ ಗಂಟೆ ಬರೆದಿಡುವ ಪುಸ್ತಕ, ತಂದಿದ್ದ. ನಾನೇ ತರಲು ಹೇಳಿದ್ದೆ. ವಿಮಾನದ ವಿಷಯ ನನಗೆ ಗೊತ್ತಿಲ್ಲ, ಅವನೇ ಕಲಿಸಿದ. ಸಿಪಿಎಲ್‌ಗೆ ನಮ್ಮಲ್ಲಿ 200 ಗಂಟೆ ಹಾರಾಟ ಬೇಕು. ಅದರಲ್ಲಿ 100 ಗಂಟೆ ತಾನೇ ಪೈಲಟ್ ಇನ್ ಕಮಾಂಡ್, ಅಂದರೆ ವಿಮಾನದ ಪೂರ್ತಿ ಜವಾಬ್ದಾರಿ ಹೊತ್ತವನು, ಆಗಿರಬೇಕು. 300 ನಾಟಿಕಲ್ ಮೈಲಿಯ ಒಂದು ದೂರದ ಹಾರಾಟವೂ ಇರಬೇಕು. ಅವನದ್ದು ಒಟ್ಟು 211. ಕೊನೆಯ ಸಾಲು ಸೆಸ್ನಾ 172, 1 ಗಂಟೆ 20 ನಿಮಿಷ. ಅದರ ಕೆಳಗೆಲ್ಲ ಖಾಲಿ.

"1,500 ಆಗದೆ ಯಾರೂ ತಗೊಳ್ಳೂದಿಲ್ಲ ಮೇಡಂ" ಎಂದ. ಈ 1,500 ಎಲ್ಲಿಂದ ಬಂತು ಎಂದು ಕೇಳಿದೆ. ಯೂಟ್ಯೂಬಿನಿಂದ. ಅಮೆರಿಕದ ಹುಡುಗರು ಬ್ಯಾನರ್ ಎಳೆದು, ಸ್ಕೈಡೈವಿಂಗ್‌ನವರನ್ನು ಮೇಲಕ್ಕೆ ಹೊತ್ತು, ವಿದ್ಯಾರ್ಥಿಗಳಿಗೆ ಕಲಿಸಿ ಗಂಟೆ ಕೂಡಿಸುವ ವಿಡಿಯೋಗಳು. 2009ರಲ್ಲಿ ಬಫಲೋ ಹತ್ತಿರ ಒಂದು ವಿಮಾನ ಬಿದ್ದ ಮೇಲೆ ಅಲ್ಲಿ ಕಾನೂನು ಬಿಗಿಯಾಯಿತು, 2013ರಿಂದ ಕೋ-ಪೈಲಟ್‌ಗೂ ಸಾಮಾನ್ಯವಾಗಿ 1,500 ಗಂಟೆ ಬೇಕು. ನಮ್ಮಲ್ಲಿ 1,500 ಬೇಕಾಗುವುದು ಕ್ಯಾಪ್ಟನ್ ಆಗಲು ಬೇಕಾದ ಮೇಲಿನ ಲೈಸೆನ್ಸ್ ಎಟಿಪಿಎಲ್‌ಗೆ. ಬಲಗಡೆಯ ಸೀಟಿಗೆ, ಅಂದರೆ ಕೋ-ಪೈಲಟ್ ಆಗಲು, ಸಿಪಿಎಲ್ ಮತ್ತು ಆ ಮಾದರಿಯ ವಿಮಾನ ಹಾರಿಸುವ ಅರ್ಹತೆ, ಟೈಪ್ ರೇಟಿಂಗ್, ಸಾಕು. ಇದು ನನಗಿಂತ ಚೆನ್ನಾಗಿ ಅವನಿಗೇ ಗೊತ್ತು. ಆದರೂ ರಾತ್ರಿ ಎರಡು ಗಂಟೆಗೆ ಲೆಕ್ಕ ಹಾಕುವಾಗ 1,500ರಲ್ಲಿ 211 ಕಳೆಯುತ್ತಿದ್ದ. ಬೇರೆ ದೇಶದ ಚಿಂತೆಯನ್ನು ಇಲ್ಲಿ ಕೂತು ಮಾಡುವುದು, ಅಲ್ವಾ?

ಅವನಿಗೆ ಕಮ್ಮಿ ಇದ್ದದ್ದು ಗಂಟೆ ಅಲ್ಲ. ಬೆಳೆಯುತ್ತಾ ಹೋಗುತ್ತಿದ್ದದ್ದು ಖಾಲಿ ಬಿಟ್ಟ ಕಾಲ. ಸಂದರ್ಶನದಲ್ಲಿ ಕೂತವರು 211 ನೋಡಿ ಬೇಸರ ಪಡಲಿಲ್ಲ, "ಕೊನೆಯದಾಗಿ ಯಾವಾಗ ಹಾರಿದ್ದು?" ಎಂದು ಕೇಳಿದ್ದರು. ಹೊರಗೆ ಕಾಣದಾಗ ಉಪಕರಣ ನೋಡಿಯೇ ಹಾರಿಸುವ ಅರ್ಹತೆ, ಇನ್‌ಸ್ಟ್ರುಮೆಂಟ್ ರೇಟಿಂಗ್, ಕೂಡ ಒಂದೇ ವರ್ಷಕ್ಕೆ, ಅದೂ ಮುಗಿದಿತ್ತು.

ಲಾಗ್‌ಬುಕ್ ಹಿಂದೆ ಕೊಡುವಾಗ ಖಾಲಿ ಸಾಲುಗಳ ಮೇಲೆ ನನ್ನ ಕಣ್ಣು ಬಿತ್ತು. ನಾಲ್ಕು ಸಾಲಿನಲ್ಲಿ ಕಾಗದ ಸ್ವಲ್ಪ ಒರಟಾಗಿತ್ತು. ಪೆನ್ಸಿಲಿನಲ್ಲಿ ಬರೆದು ರಬ್ಬರಿನಲ್ಲಿ ಉಜ್ಜಿದ ಗುರುತು. ಏನೂ ಕೇಳಲಿಲ್ಲ ನಾನು. ಮೂರನೇ ಭೇಟಿಯಲ್ಲಿ ಅವನೇ ಹೇಳಿದ. ಪರಿಚಯದವನೊಬ್ಬ ಹಾರದೆಯೇ ಗಂಟೆ ಬರೆಸಿಕೊಡುತ್ತೇನೆ ಎಂದಿದ್ದನಂತೆ. ಇದಕ್ಕೆ ಪೈಲಟ್‌ಗಳ ನಡುವೆ ಹಳೆಯ ತಮಾಷೆಯ ಹೆಸರೊಂದಿದೆ, ಪಾರ್ಕರ್ ಪೆನ್ ಅವರ್ಸ್. ಪೆನ್ನಿನಿಂದಲೇ ಹಾರಿದ ಗಂಟೆ. ಹೇಗೆ ಕಾಣುತ್ತದೆ ನೋಡೋಣ ಅಂತ ನಾಲ್ಕು ಸಾಲು ಪೆನ್ಸಿಲಿನಲ್ಲಿ ಬರೆದಿದ್ದ. ಬೆಳಿಗ್ಗೆ ಅಳಿಸಿದ್ದ.

ಬೈಯಲಿಲ್ಲ. ಅಳಿಸಿದವರು ಯಾರು ಎಂದು ಮಾತ್ರ ಕೇಳಿದೆ. "ನಾನೇ" ಎಂದ. ಯಾಕೆ ಎಂದೆ. ಸಿಕ್ಕಿಬೀಳುವ ಭಯ ಎಂದ. ವಿಮಾನಕ್ಕೆ ಅದರದ್ದೇ ಲಾಗ್ ಇರುತ್ತದೆ, ಟವರ್‌ನಲ್ಲಿ ದಾಖಲೆ ಇರುತ್ತದೆ, ಎಲ್ಲ ತಾಳೆಯಾಗಬೇಕು. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದವರನ್ನು ಪೊಲೀಸರು ಹಿಡಿದ ಸುದ್ದಿ ಅವನು ಫ್ಲೈಯಿಂಗ್ ಸ್ಕೂಲಿನಲ್ಲೇ ಕೇಳಿದ್ದ. ಸ್ವಲ್ಪ ಹೊತ್ತು ಸುಮ್ಮನಿದ್ದು ಇನ್ನೊಂದು ಮಾತು ಸೇರಿಸಿದ. "ಆ ದಿನ ಗಾಳಿ ಎಷ್ಟಿತ್ತು ಅಂತ ನನಗೇ ಗೊತ್ತಿಲ್ಲ ಮೇಡಂ. ಉಳಿದ ಎಲ್ಲ ಸಾಲಿನದ್ದೂ ನೆನಪುಂಟು." ಈ ಹುಡುಗನ ಬಗ್ಗೆ ನನಗಿದ್ದ ಅರ್ಧ ಚಿಂತೆ ಆ ಮಾತಿಗೆ ಇಳಿಯಿತು.

ನಾಲ್ಕನೇ ಸಲ ಅಪ್ಪ, ಅಮ್ಮ ಇಬ್ಬರೂ ಬಂದರು. ಅಪ್ಪ ಮೀನು ಹಿಡಿಯುವ ಟ್ರಾಲ್ ಬೋಟಿನಲ್ಲಿ ತಾಂಡೇಲರು, ಬೋಟ್ ನಡೆಸುವವರು. ಮನೆ ಅಡವಿಟ್ಟು ಮಗನಿಗೆ 35 ಲಕ್ಷ ಸಾಲ ಮಾಡಿದ್ದರು, ತಿಂಗಳ ಕಂತು 47 ಸಾವಿರ. ಜೂನ್, ಜುಲೈ 61 ದಿನ ಮೀನುಗಾರಿಕೆ ನಿಷೇಧ. ಆಗ ದುಡಿಮೆ ಇಲ್ಲ, ಕಂತು ಮಾತ್ರ ನಿಲ್ಲುವುದಿಲ್ಲ. ಇಷ್ಟರ ಮೇಲೆ ಏಜೆಂಟ್ ಒಬ್ಬ ವಿದೇಶದಲ್ಲಿ ಟೈಪ್ ರೇಟಿಂಗ್ ಮಾಡಿಸುತ್ತೇನೆ, 18 ಲಕ್ಷ, ಕೆಲಸ ಗ್ಯಾರಂಟಿ ಎಂದು ಹಿಂದೆ ಬಿದ್ದಿದ್ದ. ಬೋಟಿನಲ್ಲಿದ್ದ ತಮ್ಮ ಪಾಲು ಮಾರಲು ಅಪ್ಪ ತಯಾರಾಗಿದ್ದರು.

ಇನ್ನೊಂದು ದಾರಿಯೂ ಇತ್ತು. ಉತ್ತರ ಕರ್ನಾಟಕದ ಒಂದು ಫ್ಲೈಯಿಂಗ್ ಸ್ಕೂಲ್ ಇವನನ್ನು ಅಸಿಸ್ಟೆಂಟ್ ಇನ್‌ಸ್ಟ್ರಕ್ಟರ್ ತರಬೇತಿಗೆ ಕರೆದಿತ್ತು. ಖರ್ಚು ಸ್ಕೂಲಿನದ್ದು, ಬದಲಿಗೆ ಎರಡು ವರ್ಷದ ಬಾಂಡ್. ಇದನ್ನು ಹುಡುಗ ಮನೆಯಲ್ಲಿ ಹೇಳಿಯೇ ಇರಲಿಲ್ಲ. ನನ್ನೆದುರು ಹೇಳಿದ. ಅಪ್ಪನ ಮುಖ ಕೆಂಪಾಯಿತು. "ಮಾಸ್ಟ್ರ ಕೆಲಸಕ್ಕಾ ಇಷ್ಟು ಖರ್ಚು ಮಾಡಿದ್ದು?"

ಅವನು ಸಮಾಧಾನದಿಂದ ವಿವರಿಸಿದ. ಕಲಿಸುವಾಗಲೂ ವಿಮಾನದ ಜವಾಬ್ದಾರಿ ಇನ್‌ಸ್ಟ್ರಕ್ಟರ್‌ನದ್ದೇ, ಆ ಗಂಟೆ ಅವನ ಲಾಗ್‌ಬುಕ್ಕಿಗೂ ಸೇರುತ್ತದೆ. ಮೋಡ ಇಲ್ಲದ ತಿಂಗಳಲ್ಲಿ 40-50 ಗಂಟೆ ಸಿಗುತ್ತದೆ ಅಂತ ಅಲ್ಲಿನ ಸೀನಿಯರ್ ಹೇಳಿದ್ದರು. ಮಳೆಗಾಲದಲ್ಲಿ ಕಡಿಮೆ. ಇದು ಕೇಳಿ ಅಪ್ಪನಿಗೆ ನಗು ಬಂತು. "ಹಾಗಾದ್ರೆ ಜೂನಲ್ಲಿ ನಮ್ಮ ಬೋಟೂ ದಕ್ಕೆಯಲ್ಲಿ, ಇವನ ವಿಮಾನವೂ ಶೆಡ್ಡಲ್ಲಿ." ಅಮ್ಮ ಅಲ್ಲಿಯವರೆಗೆ ಮಾತೇ ಆಡಿರಲಿಲ್ಲ. "ಅಲ್ಲಿ ಮೀನು ಸಿಕ್ತದಾ?" ಎಂದರು.

ನಾನು ಹೇಳಿದ್ದು ಇಷ್ಟು. ಏಜೆಂಟಿಗೆ ಹಣ ಕೊಡಬೇಡಿ. ಟೈಪ್ ರೇಟಿಂಗ್ ಬೇಕಾಗಬಹುದು, ಆದರೆ ಯಾವ ಕಂಪನಿ ಯಾವ ವಿಮಾನಕ್ಕೆ ಕರೆಯುತ್ತದೆ ಅಂತ ಗೊತ್ತಾದ ಮೇಲೆ. ಬಳಸದೆ ಇಟ್ಟರೆ ಅದೂ ಹಳತಾಗುತ್ತದೆ. ಗ್ಯಾರಂಟಿ ಎನ್ನುವವನ ಹತ್ತಿರ ಕಂಪನಿಯ ಪತ್ರ ಕೇಳಿ, ಅವನ ಲೆಟರ್‌ಹೆಡ್ ಅಲ್ಲ. ಕಂತಿನ ಬಗ್ಗೆ ಬ್ಯಾಂಕಿಗೆ ಮೇ ತಿಂಗಳಲ್ಲೇ ಹೋಗಿ ಮಾತಾಡಿ, ಕಂತು ತಪ್ಪಿದ ಮೇಲೆ ಅಲ್ಲ. ಇನ್‌ಸ್ಟ್ರಕ್ಟರ್ ಸಂಬಳ ಶುರುವಿನಲ್ಲಿ ಕಂತಿಗೂ ಸಾಲದು, ಅದನ್ನು ಈಗಲೇ ಒಪ್ಪಿಕೊಂಡು ಲೆಕ್ಕ ಹಾಕಿ.

ಬಾಂಡಿಗೆ ಸಹಿ ಹಾಕುವ ಮೊದಲು ಹೋಗಿ ಎರಡು ದಿನ ಅಲ್ಲಿ ನಿಂತು ನೋಡಲು ಹುಡುಗನಿಗೆ ಹೇಳಿದೆ. ಎಷ್ಟು ವಿಮಾನ ಉಂಟು ಅಂತ ಕೇಳಬೇಡಿ, ಇವತ್ತು ಎಷ್ಟು ಹಾರ್ತಾ ಉಂಟು ನೋಡಿ. ಆ ವಿಮಾನಗಳಿಗೆ ಎಷ್ಟು ಜನ ಇನ್‌ಸ್ಟ್ರಕ್ಟರ್‌ಗಳು? ಮಧ್ಯದಲ್ಲಿ ಏರ್‌ಲೈನ್ ಕರೆದರೆ ಬಿಡಿಸಿಕೊಳ್ಳಲು ಎಷ್ಟು ಕೊಡಬೇಕು? ಬೋಟ್ಸ್ವಾನಾದ ಮೌನ್‌ಗೆ ಹೋಗಿ ಸಫಾರಿ ಪ್ರವಾಸಿಗರನ್ನು ಸಣ್ಣ ವಿಮಾನದಲ್ಲಿ ಕರೆದೊಯ್ಯುವ ಕೆಲಸ ಹುಡುಕುತ್ತೇನೆ ಎಂಬ ಯೋಚನೆಯೂ ಅವನಿಗಿತ್ತು. ಕೆಲಸ ನಿಜವಾದದ್ದೇ. ಆದರೆ ಲೈಸೆನ್ಸ್ ಬದಲಿಸಿ, ವರ್ಕ್ ಪರ್ಮಿಟ್ ಹಿಡಿದು, ಅಲ್ಲೇ ತಿಂಗಳುಗಟ್ಟಲೆ ಕಾಯಲು ಹಣ ಬೇಕು. ಈ ಮನೆಗೆ ಈಗ ಅದು ಆಗದ ಮಾತು. ಚಾರ್ಟರ್ ಕಂಪನಿಗಳಿಗೆ ಅರ್ಜಿ ಹಾಕುತ್ತಾ ಇರಿ ಎಂದೆ, ಅದಕ್ಕೆ ಖರ್ಚಿಲ್ಲ.

ರಾತ್ರಿ ಹನ್ನೊಂದರ ನಂತರ ವಿಮಾನ ನೋಡುವ ಆ್ಯಪ್ ಬಂದ್. ಕೆಂಜಾರಿಗೆ ಬೇಕಾದರೆ ಹಗಲು ಹೋಗಲಿ, ಅದನ್ನು ನಾನು ತಡೆಯಲಿಲ್ಲ. ಮದುವೆಯಲ್ಲಿ ಹೇಳಬೇಕಾದ ಮಾತನ್ನು ಮಾತ್ರ ಇಬ್ಬರೂ ಕೂತು ಅಭ್ಯಾಸ ಮಾಡಿದೆವು. ಒಂದೇ ವಾಕ್ಯ, ನಿಜವಾದದ್ದು, ವಿವರಣೆ ಇಲ್ಲದ್ದು. ನಾನು ಊರಿನ ದೊಡ್ಡಪ್ಪನ ಪಾರ್ಟು ಮಾಡಿದೆ. ನಾಲ್ಕು ಸಲ ಸೋತ, ಐದನೇ ಸಲ ಹೇಳಿದ.

ಅವನು ಹೋದ. ತರಬೇತಿ, ಪರೀಕ್ಷೆ ಮುಗಿದು ಮಳೆ ಶುರುವಾಗುವ ಮೊದಲು ಸಿಕ್ಕಿದ್ದು 64 ಗಂಟೆ, ಅಂದುಕೊಂಡದ್ದಕ್ಕಿಂತ ಕಡಿಮೆ. ಎರಡು ವಿಮಾನ ರಿಪೇರಿಗೆ ನಿಂತಿದ್ದವಂತೆ. ಏರ್‌ಲೈನ್‌ನಿಂದ ಇನ್ನೂ ಕರೆ ಇಲ್ಲ. ಏಜೆಂಟ್ ಈಗಲೂ ಅಪ್ಪನಿಗೆ ಫೋನ್ ಮಾಡುತ್ತಾನೆ. ನಿದ್ರೆ ಬರುತ್ತದೆ, ಎಲ್ಲ ದಿನವೂ ಅಲ್ಲ.

ಆಗಸ್ಟಿನಲ್ಲಿ ರಜೆಗೆ ಬಂದಾಗ ಸಂಬಂಧಿಕರ ಮದುವೆಗೆ ಹೋಗಿದ್ದನಂತೆ. ಕೇಳುವವರು ಕೇಳಿದರು. "ಸಣ್ಣ ವಿಮಾನದಲ್ಲಿ ಕಲಿಸ್ತೇನೆ" ಎಂದ. "ದೊಡ್ಡದು ಯಾವಾಗ?" ಎಂದರು. ಇದನ್ನು ನಾವು ಅಭ್ಯಾಸ ಮಾಡಿರಲಿಲ್ಲ. "ಗೊತ್ತಿಲ್ಲ" ಎಂದು ಹೇಳಿ ಊಟದ ಸಾಲಿಗೆ ಹೋಗಿ ನಿಂತನಂತೆ.