ಹುಣಸೆ ಬೀಜದ ಚೌಕ

ಪ್ರಶ್ನೆ: ಮಗಳು ಹತ್ತನೇ ಕ್ಲಾಸು. ಸಮಾಂತರ ಶ್ರೇಢಿ ಓದುವಾಗ 1, 3, 5, 7 ಅಂತ ಬೆಸ ಸಂಖ್ಯೆಗಳನ್ನು ಕೂಡುತ್ತಾ ಹೋದರೆ 1, 4, 9, 16 ಹೀಗೆ ಬರೀ ವರ್ಗಸಂಖ್ಯೆಗಳೇ ಬರುತ್ತವೆ ಎಂದು ತೋರಿಸಿದಳು. ಯಾಕೆ ಹೀಗೆ? ಬೇರೆ ಶ್ರೇಢಿಗಳಲ್ಲೂ ಹೀಗಾಗುತ್ತಾ?

ಉತ್ತರ: ಸೂತ್ರ ಆಮೇಲೆ. ಮೊದಲು ಒಂದು ಹಿಡಿ ಹುಣಸೆ ಬೀಜ ತಗೊಂಡು ಮಗಳ ಜೊತೆ ನೆಲದ ಮೇಲೆ ಕೂತ್ಕೊಳ್ಳಿ. ಒಂದು ಬೀಜ ಇಡಿ. ಅದರ ಬಲಕ್ಕೊಂದು, ಕೆಳಗೊಂದು, ಮೂಲೆಗೊಂದು ಇಟ್ಟರೆ ಎರಡೆರಡು ಬೀಜದ ಚೌಕ ಆಯಿತು, ಸೇರಿಸಿದ್ದು ಮೂರು. ಈಗ ಬಲಕ್ಕೆ ಎರಡು, ಕೆಳಗೆ ಎರಡು, ಮೂಲೆಗೆ ಮತ್ತೆ ಒಂದೇ, ಒಟ್ಟು ಐದು. ಚೌಕ ಬೆಳೆದಂತೆಲ್ಲ ಎರಡೂ ಬದಿಗೆ ಒಂದೊಂದು ಬೀಜ ಜಾಸ್ತಿ ಬೇಕು, ಮೂಲೆಗೆ ಮಾತ್ರ ಯಾವಾಗಲೂ ಒಂದೇ ಸಾಕು. ಅದಕ್ಕೇ 3, 5, 7 ಅಂತ ಎರಡೆರಡು ಏರೋದು.

ಬೇರೆ ಶ್ರೇಢಿಗಳೂ ಇವೆ. 4, 12, 20, 28 ಕೂಡಿ ನೋಡಿ: 4, 16, 36, 64. ಆದರೆ ಇವು ಬೆಸ ಸಂಖ್ಯೆಗಳನ್ನೇ 4ರಿಂದ ಗುಣಿಸಿದ್ದು ಅಲ್ವಾ? ಹಾಗೇ 9, 16, 25 ಯಾವ ವರ್ಗಸಂಖ್ಯೆಯಿಂದ ಗುಣಿಸಿದರೂ ನಡೆಯುತ್ತದೆ. ಪ್ರತಿ ಹೆಜ್ಜೆಯಲ್ಲೂ ವರ್ಗವೇ ಬರಬೇಕೆಂದರೆ ಮೊದಲ ಪದ ತಾನೇ ಒಂದು ವರ್ಗವಾಗಿರಬೇಕು, ಸಾಮಾನ್ಯ ವ್ಯತ್ಯಾಸ, ಅಂದರೆ ಪಕ್ಕಪಕ್ಕದ ಪದಗಳ ಅಂತರ, ಅದರ ಎರಡರಷ್ಟು ಇರಬೇಕು. ಬೇರೆ ದಾರಿಯೇ ಇಲ್ಲ.

ನನಗೆ ಇದಕ್ಕಿಂತ ಇಷ್ಟ ಸುಮ್ನೆ 1, 2, 3 ಅಂತ ಕೂಡೋದು. ಅಲ್ಲಿ ವರ್ಗ ಬರೋದು ಅಪರೂಪ. 8ರವರೆಗೆ ಕೂಡಿದರೆ 36, ಆಮೇಲೆ 49ರವರೆಗೆ ಕಾಯಬೇಕು, 1225. ಮುಂದಿನದು 288ರಲ್ಲಿ, 41616, ಅಂದರೆ 204ರ ವರ್ಗ. 1914ರ ಡಿಸೆಂಬರ್‌ನಲ್ಲಿ ಲಂಡನ್ನಿನ ಸ್ಟ್ರಾಂಡ್ ಪತ್ರಿಕೆಯಲ್ಲಿ ಬಂದ ಒಗಟಿನ ಒಳಗಿದ್ದದ್ದೂ ಇದೇ ಲೆಕ್ಕ: ಬೀದಿಯಲ್ಲಿ ಮನೆಗಳಿಗೆ 1, 2, 3 ಅಂತ ನಂಬರು, ಒಂದು ಮನೆಯ ಎಡಗಡೆ ನಂಬರುಗಳ ಮೊತ್ತವೂ ಬಲಗಡೆಯದೂ ಸಮ, ಮನೆಗಳು 50ರಿಂದ 500ರ ಒಳಗೆ, ಆ ಮನೆ ಯಾವುದು? ಎರಡೂ ಕಡೆ ಸಮವಾದರೆ ಬೀದಿಯ ಎಲ್ಲ ನಂಬರುಗಳ ಮೊತ್ತ ಆ ಮನೆ ನಂಬರಿನ ವರ್ಗವೇ ಆಗುತ್ತದೆ. ಆಗ ಕೇಂಬ್ರಿಡ್ಜ್‌ನಲ್ಲಿದ್ದ, ಮುಂದೆ ಸಂಖ್ಯಾಶಾಸ್ತ್ರಜ್ಞರಾಗಿ ಹೆಸರಾದ ಮಹಾಲನೋಬಿಸ್ ಇದನ್ನು ಓದಿ ಹೇಳಿದಾಗ ರಾಮಾನುಜನ್ ಒಲೆ ಮುಂದೆ ಬಾಣಲೆಯ ತರಕಾರಿಗೆ ಕೈಯಾಡಿಸುತ್ತಿದ್ದರು. ಅಲ್ಲೇ ನಿಂತು, ಇಂಥ ಎಲ್ಲ ಬೀದಿಗಳಿಗೂ ಉತ್ತರ ಕೊಡುವ ಒಂದು ಸರಪಳಿ ಭಿನ್ನರಾಶಿ (ಛೇದದೊಳಗೆ ಮತ್ತೊಂದು ಭಿನ್ನರಾಶಿ, ಅದರ ಛೇದದೊಳಗೆ ಇನ್ನೊಂದು, ಹೀಗೆ ಮುಂದುವರಿಯುವುದು) ಬರೆಸಿದರು! ಒಗಟಿನ ಉತ್ತರ 288 ಮನೆಗಳ ಬೀದಿ, 204ನೇ ಮನೆ. ಎರಡೂ ಕಡೆ 20706.

ಮಗಳಿಗೆ ಮೊದಲು 8 ಮನೆಗಳ ಬೀದಿ ಬರೆದು ಕೊಡಿ. ಆರನೇ ಮನೆ ಮುಂದೆ ನಿಂತರೆ ಎಡಕ್ಕೆ 1ರಿಂದ 5 ಕೂಡಿ 15, ಬಲಕ್ಕೆ 7 ಮತ್ತು 8, ಅದೂ 15. ಆಮೇಲೆ 49 ಮನೆಗಳ ಬೀದಿ ಕೊಟ್ಟು, ಯಾವ ಮನೆ ಅಂತ ಅವಳನ್ನೇ ಕೇಳಿ.